ಸ್ಕ್ಯಾನರ್ ಹಚ್ಚಿದರ ಸುದ್ದಿ ಮುಟ್ಟತದೇನ್ರಿ?

ನಮ್ಮ ಗಡಿ ಭಾಗದ ಕನ್ನಡ ಶಾಲೆಗಳ ಗೋಡೆಗಳ ಮೇಲೆ ಈಗ ಹೊಸದೊಂದು ಬೆಳೆ ಬಂದಿದೆ. ಕಪ್ಪು ಬಿಳುಪಿನ ಚೌಕ. ಕ್ಯೂಆರ್ ಕೋಡ್ ಅಂತ ಅದರ ಹೆಸರು. ನಮ್ಮ ಊರಿನ ಜನ ಅದಕ್ಕೆ 'ಸ್ಕ್ಯಾನರ್' ಅನ್ನುತ್ತಾರೆ, ಯಾಕೆಂದರೆ ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಡುವಾಗ "ಸ್ಕ್ಯಾನರ್ ಎಲ್ಲೈತ್ರಿ?" ಅಂತಲೇ ಕೇಳಿ ರೂಢಿ. ಈ ಸ್ಕ್ಯಾನರ್ ಈಗ ಶಾಲೆಗೂ ಬಂತು. ಮುಖ್ಯಾಧ್ಯಾಪಕರ ಕೋಣೆಯ ಬಾಗಿಲ ಮೇಲೆ ಒಂದು, ನೋಟೀಸ್ ಬೋರ್ಡಿನ ಮೇಲೆ ಒಂದು, ನೀರಿನ ಟಾಕಿಯ ಪಕ್ಕ ಒಂದು. ಅದರೊಳಗೆ ಏನಿದೆ ಅಂದರೆ ನಮ್ಮ ಕನ್ನಡ ಶಾಲೆಗಳ ಸುದ್ದಿಪತ್ರ. ಮೊದಲು ನಾಲ್ಕು ಪುಟ ಛಾಪಿಸಿ ಶಾಲೆಗೆ ಕಳಿಸುತ್ತಿದ್ದರು. ಈಗ ಛಾಪಿಸುವುದಿಲ್ಲ. ಎಲ್ಲಾ ಆನ್‌ಲೈನ್. ಕಾಗದದ ಬದಲು ಈ ಚೌಕದ ಸ್ಟಿಕ್ಕರು ಕಳಿಸಿ, "ಅಂಟಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಿ" ಅನ್ನುತ್ತಾರೆ.

ನಾವು ಅಂಟಿಸಿದೆವು. ಫೋಟೋ ಹಾಕಿದೆವು. ಗ್ರೂಪಿನಲ್ಲಿ ಹೆಬ್ಬೆರಳು, ಚಪ್ಪಾಳೆ, ಕೆಂಪು ಹಳದಿ ಹೃದಯ ಎಲ್ಲಾ ಬಂದವು. ಆದರೆ ಓದಿದವರು ಎಷ್ಟು ಜನ? ಇದನ್ನು ಕೇಳುವವರು ಯಾರೂ ಇಲ್ಲ ನೋಡಿ. ಅದಕ್ಕೇ ಈ ಬರಹ. ಸುದ್ದಿಪತ್ರ ನಡೆಸುವವರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ನಮ್ಮವರೇ, ಕೈಯಿಂದ ಖರ್ಚು ಮಾಡುವವರು. ಆದರೆ ಚೌಕ ಅಂಟಿಸಿದರೆ ಪ್ರಚಾರ ಮುಗಿಯಿತು ಎಂಬ ನಂಬಿಕೆ ಇದೆಯಲ್ಲ, ಅದು ಶುದ್ಧ ತಪ್ಪು. ತಪ್ಪು ಅಷ್ಟೇ ಅಲ್ಲ, ನಮ್ಮಂಥ ಶಾಲೆಗಳಿಗೆ ಹಾನಿ ಮಾಡುವ ತಪ್ಪು.

ಹಾನಿ ಅಂದದ್ದಕ್ಕೆ ಕಾರಣ ಹೇಳುತ್ತೇವೆ. ಬೆಂಗಳೂರಿನಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಸುದ್ದಿಪತ್ರವನ್ನು ಯಾರೂ ಓದದಿದ್ದರೆ ಏನೂ ಆಗುವುದಿಲ್ಲ. ನಮ್ಮದು ಹಾಗಲ್ಲ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಯ ಪಾಲಕನಿಗೆ ಸುದ್ದಿ ಬರುವ ದಾರಿಗಳೇ ಕಡಿಮೆ. ಮರಾಠಿ ಪತ್ರಿಕೆಯಲ್ಲಿ ಕನ್ನಡ ಶಾಲೆಯ ವಿಷಯ ಬರುವುದು ಅಪರೂಪ. ವಿಜಯಪುರ, ಕಲಬುರಗಿಯ ಪತ್ರಿಕೆಯಲ್ಲಿ ಬಂದರೆ ಅದು ಇಲ್ಲಿಯ ಎಷ್ಟೋ ಹಳ್ಳಿಗಳನ್ನು ಮುಟ್ಟುವುದೇ ಇಲ್ಲ. ಹೀಗೆ ಎರಡು ರಾಜ್ಯದ ನಡುವೆ ಬಿದ್ದ ಸುದ್ದಿಯನ್ನು ಎತ್ತಿಕೊಳ್ಳುತ್ತಿದ್ದುದು ಈ ನಾಲ್ಕು ಪುಟದ ಕಾಗದ ಒಂದೇ.

ಒಂದು ಉದಾಹರಣೆ ಕೊಡುತ್ತೇವೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆಯ ದಾರಿ ಇದೆ. ನಮ್ಮ ತಾಲೂಕುಗಳಲ್ಲಿ ಓದಿದ, ಮನೆಮಾತು ಕನ್ನಡ ಇರುವ ಮಕ್ಕಳು ಅಲ್ಲಿಯ ಸೀಟುಗಳಿಗೆ ಅರ್ಜಿ ಹಾಕಬಹುದು. ಅದಕ್ಕೆ ಓದಿದ ಶಾಲೆಯ ಪ್ರಮಾಣಪತ್ರ ಬೇಕು. ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಗೂ ಕೂಡಬೇಕು. ಇದು ಎಷ್ಟು ಪಾಲಕರಿಗೆ ಗೊತ್ತು? ನಮ್ಮ ಶಾಲೆಯಲ್ಲಿ ಕಲಿತು ಮುಂದೆ ಹೋದ ಒಬ್ಬ ಹುಡುಗಿ ಹನ್ನೆರಡನೇ ತರಗತಿ ಒಳ್ಳೆಯ ಅಂಕದಲ್ಲಿ ಪಾಸಾದಳು. ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ಅವಳ ತಂದೆ ಶಾಲೆಗೆ ಬಂದು, "ಹಿಂಗೊಂದು ಐತಂತಲ್ರಿ ಸರ್, ನಮಗ ಯಾರೂ ಹೇಳಲೇ ಇಲ್ಲ" ಅಂದರು. ಆ ವಿಷಯ ಸುದ್ದಿಪತ್ರದಲ್ಲಿ ಬಂದಿತ್ತು! ಇಡೀ ಒಂದು ಪುಟ ಬಂದಿತ್ತು. ಅವರು ನಿಂತು ಮಾತಾಡುತ್ತಿದ್ದ ಜಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಾಗಿಲ ಮೇಲಿನ ಚೌಕದೊಳಗೆ ಇತ್ತು. ಕಿರಿಯ ಮಗನನ್ನು ಬಿಡಲು ದಿನಾ ಬರುವ ಮನುಷ್ಯ ಅದರ ಕೆಳಗೇ ಓಡಾಡುತ್ತಿದ್ದರು.

ಅವರಿಗೆ ಏನು ಅನ್ನಬೇಕು? "ಸ್ಕ್ಯಾನ್ ಮಾಡಬೇಕಿತ್ತು" ಅನ್ನಬೇಕೇ?

ಅವರು ಯಾಕೆ ಸ್ಕ್ಯಾನ್ ಮಾಡಲಿಲ್ಲ ಅಂದರೆ, ನಮ್ಮ ಜನರ ಪಾಲಿಗೆ ಈ ಚೌಕಕ್ಕೆ ಇರುವುದು ಒಂದೇ ಅರ್ಥ. 2016ರಲ್ಲಿ ಯುಪಿಐ ಬಂತು, ಆಮೇಲೆ ಚಹಾದಂಗಡಿ, ಕಾಯಿಪಲ್ಲೆ ಗಾಡಿ, ದೇವಸ್ಥಾನದ ಹುಂಡಿ ಎಲ್ಲಾ ಕಡೆ ಈ ಚೌಕ ಕೂತಿತು. ಚೌಕ ಕಂಡರೆ ದುಡ್ಡು ಹೋಗುತ್ತದೆ, ಇದು ಲೋಕಜ್ಞಾನ. ಶಾಲೆಯ ಬಾಗಿಲಿಗೆ ಅದನ್ನು ಹಚ್ಚಿದ ಮೊದಲ ವಾರ ಒಬ್ಬ ತಾಯಿ ಹೊರಗೇ ನಿಂತು, "ಈ ಸಲ ಎಷ್ಟ ಹಾಕಬೇಕ್ರಿ?" ಅಂತ ಕೇಳಿದರು. ಸರಕಾರಿ ಶಾಲೆಯಲ್ಲಿ ಫೀ ಶುರುವಾಯಿತು ಅಂತ ಅವರಿಗೆ ಅನುಮಾನ! ನಗುವ ಮಾತಲ್ಲ. ಹತ್ತಿರದ ಇಂಗ್ಲಿಷ್ ಶಾಲೆಯವರು ಮನೆ ಮನೆಗೆ ವ್ಯಾನು ಕಳಿಸುತ್ತಿರುವಾಗ ನಮ್ಮ ಬಾಗಿಲಲ್ಲಿ ದುಡ್ಡಿನ ಗುರುತು ಹಚ್ಚಿಕೊಂಡು ಕೂತರೆ ಏನಾದೀತು?

ಇದರ ಮೇಲೆ ಇನ್ನೊಂದು ಹೆದರಿಕೆ. ಅಂಗಡಿಯವರ ಚೌಕದ ಮೇಲೆ ಕಳ್ಳರು ತಮ್ಮ ಚೌಕ ಅಂಟಿಸಿ ದುಡ್ಡು ಹೊಡೆದ ಸುದ್ದಿಗಳು ಬಂದಿವೆ. "ದುಡ್ಡು ಬರಬೇಕಾದರೆ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂತ ಫೋನಿನಲ್ಲಿ ಮೋಸ ಮಾಡುವವರ ಸುದ್ದಿ ಎಲ್ಲರಿಗೂ ಗೊತ್ತು. ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ ಅಂತ ಬ್ಯಾಂಕಿನವರು ಹೇಳುತ್ತಲೇ ಇದ್ದಾರೆ. ನಾವೂ ಪಾಲಕರ ಸಭೆಯಲ್ಲಿ "ಗೊತ್ತಿಲ್ಲದ ಚೌಕ ಸ್ಕ್ಯಾನ್ ಮಾಡಬೇಡಿ" ಅಂತ ತಿಳಿಹೇಳಿದವರೇ. ಈಗ ಅದೇ ಬಾಯಿಯಿಂದ, ಹೆಸರು ವಿಳಾಸ ಏನೂ ಬರೆಯದ ಚೌಕ ತೋರಿಸಿ "ಸ್ಕ್ಯಾನ್ ಮಾಡಿ" ಅನ್ನಬೇಕಂತೆ. ಪಾಲಕರು ಹಿಂಜರಿದರೆ ಅದು ಅವರ ಅಜ್ಞಾನವಲ್ಲ, ಜಾಣತನ. "ನಮ್ಮ ಜನ ಹಿಂದುಳಿದವರು, ತಂತ್ರಜ್ಞಾನಕ್ಕೆ ಒಗ್ಗುವುದಿಲ್ಲ" ಅಂತ ಸಭೆಯಲ್ಲಿ ಭಾಷಣ ಬಿಗಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಫೋನಿನ ಕಥೆ. ಮನೆಗೊಂದು ಸ್ಮಾರ್ಟ್‌ಫೋನ್ ಇದೆ, ಒಪ್ಪಿದೆವು. ಅದು ಯಾರ ಕಿಸೆಯಲ್ಲಿದೆ? ಅಪ್ಪನ ಕಿಸೆಯಲ್ಲಿ. ಅಪ್ಪ ಎಲ್ಲಿದ್ದಾನೆ? ಪುಣೆಯಲ್ಲಿ, ಇಲ್ಲವೇ ಸೊಲ್ಲಾಪುರದ ಕಾರಖಾನೆಯಲ್ಲಿ, ಇಲ್ಲವೇ ದೀಪಾವಳಿ ಆದ ಮೇಲೆ ಕಬ್ಬು ಕಡಿಯಲು ಹೋದ ಗ್ಯಾಂಗಿನಲ್ಲಿ. ಶಾಲೆಯ ಗೋಡೆಯ ಮುಂದೆ ಬಂದು ನಿಲ್ಲುವವರು ತಾಯಿ, ಅಜ್ಜಿ, ಅಕ್ಕ. ಅವರ ಕೈಯಲ್ಲಿ ಇರುವುದು ಒತ್ತುವ ಗುಂಡಿಯ ಸಣ್ಣ ಫೋನು. ಮಗುವಿನ ಓದು, ಹಾಜರಿ, ಸಮವಸ್ತ್ರ ಎಲ್ಲದರ ಜವಾಬ್ದಾರಿ ಇವರದು, ಸುದ್ದಿ ಮಾತ್ರ ನೂರಾರು ಮೈಲಿ ದೂರದ ಕಿಸೆಯೊಳಗೆ. ಇದ್ಯಾವ ನ್ಯಾಯ?

ಆದರೆ ಎಲ್ಲಕ್ಕಿಂತ ನಗು ತರಿಸುವುದು ಇನ್ನೊಂದು. ಈ ಚೌಕದ ಚಿತ್ರವನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು! ಫೋನಿನ ಪರದೆಯ ಮೇಲೆ ಚೌಕ ಬಂದರೆ ಅದನ್ನು ಸ್ಕ್ಯಾನ್ ಮಾಡಲು ಇನ್ನೊಂದು ಫೋನು ಬೇಕಲ್ಲ ಸ್ವಾಮಿ. ಫೋಟೋದಿಂದಲೇ ಓದಿಸುವ ಉಪಾಯ ಹೊಸ ಫೋನುಗಳಲ್ಲಿ ಇದೆ, ಆದರೆ ಅದು ಗೊತ್ತಿದ್ದವನಿಗೆ ಚೌಕವೇ ಬೇಕಾಗಿಲ್ಲ. ವಾಟ್ಸಾಪಿನಲ್ಲಿ ಸೀದಾ ಕೊಂಡಿ ಹಾಕಿದರೆ ಒಂದು ಒತ್ತಿಗೆ ತೆರೆಯುತ್ತದೆ. ಕೊಂಡಿ ಇರುವ ಕಡೆ ಚೌಕ ಹಾಕುವುದು ಅಂದರೆ ಬಾಗಿಲು ತೆರೆದಿರುವಾಗ ಕೀಲಿಕೈ ಹುಡುಕಿದ ಹಾಗೆ.

ಹಾಗಾದರೆ ಈ ಚೌಕ ನಿರುಪಯೋಗಿಯೇ? ಅಲ್ಲವೇ ಅಲ್ಲ. ಅದು ಒಳ್ಳೆಯ ಸಾಮಾನು. ಅದನ್ನು ಮಾಡಿದವರ ಕಥೆ ನಾವು ಮಕ್ಕಳಿಗೂ ಹೇಳುತ್ತೇವೆ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಎಂಬ ಇಂಜಿನಿಯರರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿದರು. ಮೊದಲಿದ್ದ ಗೆರೆ ಗೆರೆಯ ಬಾರ್‌ಕೋಡಿನಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತಿರಲಿಲ್ಲ, ಒಂದೊಂದು ಪೆಟ್ಟಿಗೆಗೆ ಹಲವು ಬಾರ್‌ಕೋಡು ಓದಿಸಿ ಕೆಲಸಗಾರರು ಬೇಸತ್ತಿದ್ದರು. ಕಪ್ಪು ಬಿಳಿ ಕಾಯಿಗಳ 'ಗೋ' ಆಟದ ಹಲಗೆ ನೋಡಿ ಹಾರಾ ಅವರಿಗೆ ಚೌಕದ ವಿಚಾರ ಹೊಳೆಯಿತಂತೆ. ಮೂರು ಮೂಲೆಯಲ್ಲಿ ಕಾಣುವ ದೊಡ್ಡ ಚೌಕಗಳಿವೆಯಲ್ಲ, ಅವು ಫೋನಿಗೆ "ಇಲ್ಲಿದೆ ಕೋಡು, ಹೀಗೆ ತಿರುಗಿದೆ" ಅಂತ ಹೇಳುವ ಗುರುತು. ಕಂಪನಿಯವರು ಪೇಟೆಂಟ್ ಇದ್ದರೂ ಹಕ್ಕು ಚಲಾಯಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೇ ಇವತ್ತು ನಮ್ಮ ಚಹಾದಂಗಡಿಯವರೆಗೂ ಬಂದಿದೆ.

ಇಲ್ಲೊಂದು ಮಾತು ಕನ್ನಡಿಗರು ಗಮನಿಸಬೇಕು. ಆ ಜಪಾನಿಯರು ಚೌಕ ಮಾಡುವಾಗ ತಮ್ಮ ಕಾಂಜಿ ಲಿಪಿಗೆ ಒಂದು ಪ್ರತ್ಯೇಕ ವ್ಯವಸ್ಥೆಯನ್ನೇ ಇಟ್ಟುಕೊಂಡರು. ಒಂದು ಕಾಂಜಿ ಅಕ್ಷರ 13 ಬಿಟ್‌ಗಳಲ್ಲಿ ಕೂತುಬಿಡುತ್ತದೆ. ಕನ್ನಡಕ್ಕೆ ಅಂಥದ್ದಿಲ್ಲ. ನಮ್ಮ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್, ಅಂದರೆ 24 ಬಿಟ್ ಬೇಕು. 'ಕನ್ನಡ' ಅಂತ ಬರೆಯಲು ಕ, ನ, ಹಲಂತ, ನ, ಡ ಹೀಗೆ 5 ಸಂಕೇತ, ಒಟ್ಟು 15 ಬೈಟ್. ತಮ್ಮ ಭಾಷೆ ತಮ್ಮ ಸಾಮಾನಿನೊಳಗೆ ಚೆನ್ನಾಗಿ ಕೂಡಬೇಕು ಅಂತ ಅವರು ಮೊದಲ ದಿನವೇ ಯೋಚಿಸಿದ್ದರು. ನಾವು ಸ್ಟಿಕ್ಕರಿನ ಮೇಲೆ ಕೂಡ ಕನ್ನಡ ಬರೆಯುವುದಿಲ್ಲ! ನಮ್ಮ ಶಾಲೆಗೆ ಬಂದ ಕಟ್ಟಿನ ಒಂದೊಂದು ಸ್ಟಿಕ್ಕರಿನ ಕೆಳಗೂ ಇಂಗ್ಲಿಷಿನಲ್ಲಿ 'ಸ್ಕ್ಯಾನ್ ಮಿ' ಅಂತ ಇತ್ತು. ಕನ್ನಡ ಉಳಿಸುವ ಸುದ್ದಿಪತ್ರದ ಪ್ರಚಾರ, ಕನ್ನಡ ಶಾಲೆಯ ಗೋಡೆ, ಕನ್ನಡ ಪಾಲಕರು, ಕರೆ ಮಾತ್ರ ಇಂಗ್ಲಿಷು. ಏನನ್ನಬೇಕು ಇದಕ್ಕೆ?

ಅದರ ಬಣ್ಣವೂ ನೋಡುವಂತಿತ್ತು. ನವೆಂಬರ್ ತಿಂಗಳ ಉತ್ಸಾಹದಲ್ಲಿ ಯಾರೋ ಕೋಡನ್ನು ಕೆಂಪು ನೆಲದ ಮೇಲೆ ಹಳದಿಯಲ್ಲಿ ಮಾಡಿದ್ದರು. ನಾಡಧ್ವಜದ ಬಣ್ಣ, ಅಭಿಮಾನದ ಮಾತು, ಸರಿ. ಆದರೆ ಫೋನಿಗೆ ಅಭಿಮಾನ ತಿಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ತಿಳಿಬಣ್ಣದ ನೆಲ, ಗಾಢ ಬಣ್ಣದ ಚುಕ್ಕೆ. ತಿರುಗಾಮುರುಗಾ ಮಾಡಿದರೆ ಎಷ್ಟೋ ಫೋನುಗಳು ಸುಮ್ಮನೆ ನೋಡುತ್ತಾ ಕೂಡುತ್ತವೆ. ಚೌಕದ ಸುತ್ತ ನಾಲ್ಕು ಚುಕ್ಕೆಯಷ್ಟು ಅಗಲ ಖಾಲಿ ಜಾಗ ಬಿಡಬೇಕು ಅಂತ ನಿಯಮವಿದೆ, ಅಲ್ಲಿ ರಂಗೋಲಿ ಬಳ್ಳಿ ಬಿಡಿಸಿದ್ದರು. ನಟ್ಟನಡುವೆ ತಾಯಿ ಭುವನೇಶ್ವರಿಯ ಚಿತ್ರ. ಕೋಡಿನಲ್ಲಿ ಒಂದಿಷ್ಟು ಭಾಗ ಹಾಳಾದರೂ ಓದುವ ಗುಣ ಇದೆ ನಿಜ. ನಾಲ್ಕು ದರ್ಜೆಗಳಿವೆ, ಕೆಳಗಿನದರಲ್ಲಿ ಸುಮಾರು 7 ಪ್ರತಿಶತ, ಮೇಲಿನದರಲ್ಲಿ ಸುಮಾರು 30 ಪ್ರತಿಶತ ಹಾನಿ ತಡೆಯುತ್ತದೆ. ಆದರೆ ಆ ತಾಳಿಕೆಯನ್ನೆಲ್ಲಾ ಚಿತ್ರಕ್ಕೇ ಖರ್ಚು ಮಾಡಿದರೆ ಧೂಳಿಗೆ, ಬಿಸಿಲಿಗೆ, ಮಕ್ಕಳ ಉಗುರಿಗೆ ಏನು ಉಳಿಯಿತು? ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಸ್ಟಿಕ್ಕರಿನ ಹಳದಿ ಬೆಳ್ಳಗಾಯಿತು, ಕೆಂಪು ಗುಲಾಬಿಯಾಯಿತು.

ಅಂಟಿಸುವ ಜಾಗದ ಬಗ್ಗೆಯೂ ಎರಡು ಮಾತು. ಎಷ್ಟು ದೂರದಿಂದ ಓದಿಸಬೇಕೋ ಅದರ ಹತ್ತನೆಯ ಒಂದು ಪಾಲು ಅಗಲ ಇರಬೇಕು ಅನ್ನುವುದು ಸರಳ ಲೆಕ್ಕ. ಕೈಯಲ್ಲಿ ಹಿಡಿದ ಕಾಗದಕ್ಕೆ 3 ಸೆಂಟಿಮೀಟರು ಸಾಕು. ಎರಡು ಮೀಟರು ದೂರಕ್ಕೆ 20 ಸೆಂಟಿಮೀಟರು ಬೇಕು. ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಹತ್ತಡಿ ಎತ್ತರದಲ್ಲಿ ಅಂಗೈಯಗಲದ ಕೋಡು ಹಾಕಿದ್ದನ್ನು ನೀವೂ ನೋಡಿರುತ್ತೀರಿ. ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಂಡು ಹೋಗುವ ಭಕ್ತರ ದಾರಿಯಲ್ಲಿ ಕೂಡ ಇಂಥದ್ದೊಂದು ಫ್ಲೆಕ್ಸು ಕಂಡೆವು. ಬರಿಗಾಲಲ್ಲಿ, ತಲೆಯ ಮೇಲೆ ಗಂಟು ಹೊತ್ತು ನಡೆಯುವವರು ಅಲ್ಲಿ ನಿಂತು ಫೋನು ಎತ್ತಿ ಹಿಡಿಯುತ್ತಾರೆಯೇ? ಅದರ ಬದಲು ಅದೇ ಫ್ಲೆಕ್ಸಿನಲ್ಲಿ ದೊಡ್ಡ ಅಕ್ಷರದಲ್ಲಿ "ನಿಮ್ಮ ಮಗುವನ್ನು ಕನ್ನಡ ಶಾಲೆಗೆ ಹಚ್ಚಿ, ಪಠ್ಯಪುಸ್ತಕ ಉಚಿತ, ಊಟ ಉಚಿತ" ಅಂತ ಮೂರು ಸಾಲು ಬರೆದಿದ್ದರೆ ನಡೆಯುತ್ತಲೇ ಓದುತ್ತಿದ್ದರು. ಗಿರಣಿಯಲ್ಲಿ ಹಿಟ್ಟಿಗೆ ಪಾಳಿ ಹಚ್ಚಿ ಕೂಡುವವರು, ಡೇರಿಯಲ್ಲಿ ಹಾಲು ಅಳೆಯಲು ಕಾಯುವವರು, ರೇಷನ್ ಅಂಗಡಿಯ ಸಾಲು, ಎಸ್‌ಟಿ ಬಸ್ಸಿಗೆ ಕಾಯುವ ಕಟ್ಟೆ... ಇಲ್ಲಿ ಜನಕ್ಕೆ ಬಿಡುವು ಇರುತ್ತದೆ, ಇಲ್ಲಿ ಅಂಟಿಸಿ. ಮುಖ್ಯಾಧ್ಯಾಪಕರ ಬಾಗಿಲಿಗೆ ಬರುವ ಪಾಲಕನ ಮನಸ್ಸಿನಲ್ಲಿ ಬೇರೆ ಚಿಂತೆ ಇರುತ್ತದೆ.

"ನಮ್ಮ ಸೊಲ್ಲಾಪುರ ಜಿಲ್ಲೆಯ ಮಾಸ್ತರರೇ ಇದರಿಂದ ಜಗತ್ತಿನಲ್ಲಿ ಹೆಸರಾದರು, ನೀವು ಅದೇ ಜಿಲ್ಲೆಯಲ್ಲಿದ್ದು ವಿರೋಧಿಸುತ್ತೀರಾ?" ಅಂತ ನಮಗೆ ಕೇಳಿದವರಿದ್ದಾರೆ. ರಣಜಿತಸಿಂಹ ಡಿಸಲೆ ಅವರ ಮಾತು ಅದು. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದವರು, 2020ರ ಡಿಸೆಂಬರಿನಲ್ಲಿ 10 ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದು ಅದರ ಅರ್ಧವನ್ನು ಉಳಿದ ಒಂಬತ್ತು ಜನ ಅಂತಿಮ ಸ್ಪರ್ಧಿಗಳಿಗೆ ಹಂಚಿದವರು. ನಮಗೂ ಹೆಮ್ಮೆ ಇದೆ. ಆದರೆ ಅವರ ಹೆಸರು ಹೇಳುವವರು ಆ ಪ್ರಶಸ್ತಿಯ ಪರಿಚಯ ಪತ್ರವನ್ನು ಸರಿಯಾಗಿ ಓದಲಿ. ಅದರಲ್ಲಿ ಏನಿದೆ? ಮಕ್ಕಳ ಮನೆಮಾತು ಕನ್ನಡ, ಪಠ್ಯ ಆ ಭಾಷೆಯಲ್ಲಿ ಇರಲಿಲ್ಲ, ಅದಕ್ಕೆ ಅವರು ಪುಸ್ತಕಗಳನ್ನು ಮಕ್ಕಳ ಭಾಷೆಗೆ ತಂದರು, ಆಮೇಲೆ ಅದರಲ್ಲಿ ಕೋಡು ಸೇರಿಸಿ ಹಾಡು, ಕಥೆ, ಪಾಠದ ವಿಡಿಯೋ ಕೇಳುವಂತೆ ಮಾಡಿದರು ಅಂತ ಇದೆ. ಮೊದಲು ಭಾಷೆ, ಆಮೇಲೆ ಪಾಠ, ಕೊನೆಗೆ ಚೌಕ. ಅದೂ ಮಗುವಿನ ಕೈಯಲ್ಲಿರುವ ಪುಸ್ತಕದ ಪುಟದ ಮೇಲೆ, ಪಾಠದ ಪಕ್ಕದಲ್ಲೇ. ಬಾಲಭಾರತಿಯ ಪುಸ್ತಕದ ಮೊದಲ ಪುಟಗಳಲ್ಲಿ ದೀಕ್ಷಾ ಆ್ಯಪಿಗೆ ಅಂತ ಇರುವ ಕೋಡನ್ನು ನೋಡಿ, ಅದರ ಜೊತೆಗೂ ಪುಸ್ತಕ ಇದೆ. ಚೌಕ ಇದೆ ಅಂತ ಪುಸ್ತಕ ಛಾಪಿಸುವುದನ್ನು ಯಾರೂ ನಿಲ್ಲಿಸಲಿಲ್ಲ. ನಮ್ಮವರು ಮಾಡಿದ್ದು ಅದನ್ನೇ, ಪುಸ್ತಕ ನಿಲ್ಲಿಸಿ ಚೌಕ ಉಳಿಸಿಕೊಂಡರು. ಇದಕ್ಕೆ ಡಿಸಲೆಯವರ ಹೆಸರು ಯಾಕೆ ತರುತ್ತೀರಿ?

ಎರಡನೆಯ ವಾದ ಖರ್ಚಿನದು. ಛಾಪಾಖಾನೆ, ಕಾಗದ, ಟಪಾಲು, ಎಲ್ಲಾ ದುಬಾರಿ ಅನ್ನುತ್ತಾರೆ. ನಾಲ್ಕು ಪುಟ ಬೇಡ ಬಿಡಿ. ಒಂದು ಹಾಳೆ ಸಾಕು, ಎರಡು ಬದಿ. ನಮ್ಮ ಕಡೆ ಝೆರಾಕ್ಸಿಗೆ ಒಂದು ಬದಿಗೆ ಎರಡು ರೂಪಾಯಿ ಹಿಡಿದರೆ ಹಾಳೆಗೆ ನಾಲ್ಕು. ಐವತ್ತು ಮನೆಯ ಶಾಲೆಗೆ 200 ರೂಪಾಯಿ. ಮೂರು ತಿಂಗಳಿಗೊಮ್ಮೆ ಅಂದರೆ ವರ್ಷಕ್ಕೆ 800. ಬಣ್ಣದ ಸ್ಟಿಕ್ಕರಿನ ಕಟ್ಟು, ಬಸ್‌ಸ್ಟ್ಯಾಂಡಿನ ಫ್ಲೆಕ್ಸು, ಬಿಡುಗಡೆ ಸಮಾರಂಭದ ಶಾಲು ಹಾರ ಇವೆಲ್ಲಾ ಪುಕ್ಕಟೆ ಬಂದವೇ?

ಮೂರನೆಯದು ನಮಗೆ ಬಹಳ ಬೇಸರ ತರಿಸುವ ವಾದ. "ಎಷ್ಟು ಸ್ಕ್ಯಾನ್ ಆಯಿತು ಅಂತ ಲೆಕ್ಕ ಸಿಗುತ್ತದೆ, ಕಾಗದದಲ್ಲಿ ಸಿಗುವುದಿಲ್ಲ." ಲೆಕ್ಕ ಸಿಗುತ್ತದೆ, ನಿಜ. ಆದರೆ ಯಾವ ಲೆಕ್ಕ? ಸಂಖ್ಯೆ ಕಡಿಮೆ ಬಂತು ಅಂತ ಮೇಲಿನಿಂದ ಫೋನು ಬಂದಾಗ ಒಂದು ಶಾಲೆಯಲ್ಲಿ (ಹೆಸರು ಬೇಡ) ಶಿಕ್ಷಕರೇ ನಾಲ್ಕೈದು ಸಲ ಸ್ಕ್ಯಾನ್ ಮಾಡಿ ಸಂಖ್ಯೆ ಏರಿಸಿದರು. ವರದಿ ಚೆಂದ ಆಯಿತು. ತೆರೆದವನು ಓದಿದನೇ, ಓದಿದವನು ಮಗುವನ್ನು ಶಾಲೆಯಲ್ಲಿ ಉಳಿಸಿಕೊಂಡನೇ, ಇದನ್ನು ಯಾವ ಚೌಕವೂ ಎಣಿಸುವುದಿಲ್ಲ.

ಈ ಲೆಕ್ಕದ ಆಸೆಯೇ ಇನ್ನೊಂದು ಅಪಾಯಕ್ಕೆ ದಾರಿ. ಕೋಡಿನಲ್ಲಿ ಎರಡು ತರ. ಒಂದರಲ್ಲಿ ವಿಳಾಸ ಚೌಕದೊಳಗೇ ಸೀದಾ ಇರುತ್ತದೆ, ಕಾಗದ ಇರುವವರೆಗೆ ಅದೂ ಇರುತ್ತದೆ, ಅದಕ್ಕೆ ಅವಧಿ ಗಿವಧಿ ಇಲ್ಲ. ಇನ್ನೊಂದರಲ್ಲಿ ಚೌಕದೊಳಗೆ ಇರುವುದು ಯಾವುದೋ ನಡುವಿನ ಕಂಪನಿಯ ವಿಳಾಸ, ಆ ಕಂಪನಿ ಎಣಿಸಿಕೊಂಡು ನಮ್ಮ ಪುಟಕ್ಕೆ ದಾಟಿಸುತ್ತದೆ. ಚಂದಾ ತುಂಬುವುದು ನಿಂತರೆ ಅಥವಾ ಆ ಕಂಪನಿಯೇ ಅಂಗಡಿ ಮುಚ್ಚಿದರೆ ಚೌಕ ಸತ್ತಿತು. ಗೂಗಲ್‌ನಂಥ ಗೂಗಲ್ ತನ್ನ ಕಿರುಕೊಂಡಿ ಸೇವೆ ನಿಲ್ಲಿಸುವುದಾಗಿ 2018ರಲ್ಲಿ ಹೇಳಿತು. 2025ರ ಆಗಸ್ಟಿನಿಂದ ಹಳೆಯ ಕೊಂಡಿಗಳೂ ಕೆಲಸ ಮಾಡುವುದಿಲ್ಲ ಅಂತ 2024ರಲ್ಲಿ ತಿಳಿಸಿತು. ಕೊನೆಗೆ ಬಳಕೆಯಲ್ಲಿರುವವನ್ನು ಉಳಿಸುವುದಾಗಿ ಹೇಳಿ ಯಾರೂ ಒತ್ತದೆ ಬಿದ್ದಿದ್ದ ಕೊಂಡಿಗಳನ್ನು ಕೈಬಿಟ್ಟಿತು. ಅಪರೂಪಕ್ಕೆ ಒತ್ತುವ ಕೊಂಡಿ ಅಂದರೆ ನಮ್ಮಂಥವರದೇ ಅಲ್ಲವೇ? ಛಾಪಿಸಿ ಹಂಚಿದ ಮೇಲೆ ಆ ಚೌಕವನ್ನು ತಿದ್ದುವ ಹಾಗಿಲ್ಲ. ನಮ್ಮ ಬಾಗಿಲ ಮೇಲಿನ ಸ್ಟಿಕ್ಕರೂ ಈಗ ಇದೇ ಗತಿಗೆ ಬಂದಿದೆ. ಒತ್ತಿದರೆ ಚಂದಾ ಮುಗಿದಿದೆ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡ ಶಾಲೆಯ ಚಂದಾ ಮುಗಿದಿದೆ ಅಂತ ಪಾಲಕರು ಓದಿಕೊಳ್ಳಲಿಲ್ಲವಲ್ಲ, ಅಷ್ಟೇ ಪುಣ್ಯ.

ಕಂಪ್ಯೂಟರಿನ ಮುಂದೆ ಕೂಡುವ ಗೆಳೆಯರಿಗೆ ಒಂದು ಕಿವಿಮಾತು, ಮರೆಯುವ ಮೊದಲು. ಸುದ್ದಿಯ ತಲೆಬರಹವನ್ನು ಕನ್ನಡದಲ್ಲಿ ಕೊಟ್ಟು ಅದೇ ವಿಳಾಸದಲ್ಲಿ ಸೇರಿಕೊಂಡರೆ, ಒಂದೊಂದು ಕನ್ನಡ ಸಂಕೇತವೂ ಪ್ರತಿಶತ ಚಿಹ್ನೆ, ಅಂಕಿ, ಅಕ್ಷರ ಸೇರಿ 9 ಅಕ್ಷರವಾಗಿ ಹಿಗ್ಗುತ್ತದೆ. 'ಕನ್ನಡ' ಅನ್ನುವ ಒಂದು ಪದಕ್ಕೇ 45 ಅಕ್ಷರ. ವಿಳಾಸ ಮಾರುದ್ದ ಆದಂತೆ ಚೌಕದ ಚುಕ್ಕೆಗಳು ಸಾಸಿವೆಯಂತೆ ಸಣ್ಣಗಾಗುತ್ತವೆ, ಅಗ್ಗದ ಫೋನು ಓದುವುದಿಲ್ಲ. ಮೂವತ್ತು ಅಕ್ಷರದ ಚಿಕ್ಕ ವಿಳಾಸವಾದರೆ 29 ಸಾಲು 29 ಕಾಲಮ್ಮಿನ ದೊಡ್ಡ ಚುಕ್ಕೆಗಳಲ್ಲಿ ಮುಗಿಯುತ್ತದೆ. ತಲೆಬರಹ ಕನ್ನಡದಲ್ಲೇ ಇರಲಿ, ವಿಳಾಸ ಮಾತ್ರ ಚಿಕ್ಕದಿರಲಿ.

ಇನ್ನೊಂದು ಉಪಾಯ ಯಾರೂ ಮಾಡುತ್ತಿಲ್ಲ. ಚೌಕದೊಳಗೆ ವಿಳಾಸವನ್ನೇ ಇಡಬೇಕು ಅಂತ ಎಲ್ಲಿದೆ? ಬರಹವನ್ನೇ ಇಡಬಹುದು. ಅತಿ ದೊಡ್ಡ ಕೋಡಿನಲ್ಲಿ 2953 ಬೈಟ್ ಹಿಡಿಯುತ್ತದೆ, ಕನ್ನಡದಲ್ಲಿ ಸುಮಾರು 980 ಸಂಕೇತ. ಅಷ್ಟು ದಟ್ಟ ಮಾಡಿದರೆ ಝೆರಾಕ್ಸಿನಲ್ಲಿ ಕಲೆಸಿಹೋಗುತ್ತದೆ. ಆದರೆ ನೂರು ಸಂಕೇತದ ಒಂದು ಪುಟ್ಟ ಸುದ್ದಿ 300 ಬೈಟ್‌ನಲ್ಲಿ ಆರಾಮಾಗಿ ಕೂಡುತ್ತದೆ. "ಶಾಲೆ ಪ್ರವೇಶ ಇಂಥ ದಿನ, ಈ ಮೂರು ಕಾಗದ ತನ್ನಿ" ಅಂತ. ಅದನ್ನು ಓದಲು ನೆಟ್ ಬೇಡ, ರೀಚಾರ್ಜು ಬೇಡ, ಯಾವ ಕಂಪನಿಯ ಚಂದಾ ಬೇಡ. ನಮ್ಮ ಏಳನೇ ತರಗತಿಯ ಮಕ್ಕಳ ಜೊತೆ ಇದನ್ನು ಮಾಡಿ ನೋಡಿದೆವು. ಕ್ಯಾಮರಾ ಹಿಡಿದೊಡನೆ ತಾವೇ ಬರೆದ ಕನ್ನಡ ಸಾಲು ಪರದೆಯ ಮೇಲೆ ಬಂದಾಗ ಮಕ್ಕಳ ಕುಣಿತ ನೋಡಬೇಕಿತ್ತು. ಕೆಲವು ಫೋನುಗಳು ಅದನ್ನು ಓದುವ ಬದಲು ಗೂಗಲಿನಲ್ಲಿ ಹುಡುಕಲು ಹೋದವು, ಅದೂ ನಿಜ.

ಇಷ್ಟೆಲ್ಲಾ ಯಾಕೆ ಕೂಗಾಡುತ್ತಿದ್ದೇವೆ ಅಂದರೆ, ನಮ್ಮ ಬಳಿ ಸಮಯ ಬಹಳ ಇಲ್ಲ. 20ಕ್ಕಿಂತ ಕಡಿಮೆ ಪಟಸಂಖ್ಯೆಯ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ವಿಚಾರ ಮಹಾರಾಷ್ಟ್ರದಲ್ಲಿ 2023ರಲ್ಲಿ ಹೊರಬಂದಾಗ ಮರಾಠಿ ಶಾಲೆಗಳವರೇ ಗಾಬರಿಯಾದರು. ಮರಾಠಿ ಶಾಲೆ ಒಂದು ಮುಚ್ಚಿದರೆ ಪಕ್ಕದ ಊರಲ್ಲಿ ಇನ್ನೊಂದು ಇರುತ್ತದೆ. ಕನ್ನಡ ಶಾಲೆ ಮುಚ್ಚಿದರೆ ಮಗು ಎಲ್ಲಿಗೆ ಹೋಗಬೇಕು? ನಮ್ಮಲ್ಲಿ ಎರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರೆ ಅದು ತರಗತಿಯ ಲೆಕ್ಕ ಅಲ್ಲ, ಶಾಲೆಯ ಲೆಕ್ಕ. ಆ ಎರಡು ಮನೆಗೆ ಸುದ್ದಿ ಮುಟ್ಟಿಸುವುದೇ ಸುದ್ದಿಪತ್ರದ ಕೆಲಸ. ಮಗು ಕೈಯಲ್ಲಿ ಒಯ್ದ ಕಾಗದ ಮನೆಗೆ ಮುಟ್ಟುತ್ತದೆ. ಅಕ್ಷರ ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಾಳೆ, ಅದೇ ಅವಳ ಆ ದಿನದ ಕನ್ನಡ ಪಾಠವೂ ಆಗುತ್ತದೆ. ಆಮೇಲೆ ಆ ಕಾಗದ ರೊಟ್ಟಿ ಬುಟ್ಟಿಯ ತಳಕ್ಕೆ ಹೋಗುತ್ತದೆ. ಹೋಗಲಿ. ಅಲ್ಲೂ ಯಾರಾದರೂ ಓದುತ್ತಾರೆ.

ಸುದ್ದಿಪತ್ರದ ಗೆಳೆಯರಲ್ಲಿ ನಾವು ಕೇಳುವುದು ಇಷ್ಟೇ. ಆನ್‌ಲೈನ್ ನಡೆಸಿ, ಚೆನ್ನಾಗಿ ನಡೆಸಿ, ಪುಣೆ ಮುಂಬಯಿಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿಗಳು ಅಲ್ಲೇ ಓದಲಿ. ಆದರೆ ಪ್ರತಿ ಸಂಚಿಕೆಯ ಸಾರವನ್ನು ಎರಡು ಬದಿಯ ಒಂದು ಹಾಳೆಗೆ ಇಳಿಸಿ, ಕಪ್ಪು ಬಿಳುಪಿನಲ್ಲಿ, ಝೆರಾಕ್ಸಿಗೆ ತಾಳುವ ದಪ್ಪ ಅಕ್ಷರದಲ್ಲಿ ಕಳಿಸಿ. ಮುಖ್ಯ ವಿಷಯ, ದಿನಾಂಕ, ಬೇಕಾದ ಕಾಗದಪತ್ರ, ಕೇಳಬೇಕಾದ ಶಾಲೆಯ ಹೆಸರು ಹಾಳೆಯ ಮೇಲೇ ಇರಲಿ. ಕೆಳಗಿನ ಮೂಲೆಯಲ್ಲಿ ಒಂದು ಚೌಕ ಇರಲಿ, ನಡುವಿನ ಕಂಪನಿ ಇಲ್ಲದ ಸೀದಾ ಚೌಕ. ಅದರ ಪಕ್ಕದಲ್ಲಿ ಕೈಯಿಂದ ಒತ್ತಬಹುದಾದ ಚಿಕ್ಕ ವಿಳಾಸ, ಕೆಳಗೆ ಕನ್ನಡದಲ್ಲಿ "ಪೂರ್ತಿ ಸುದ್ದಿ ಓದಲು ಇಲ್ಲಿ ಫೋನು ಹಿಡಿಯಿರಿ, ಇದಕ್ಕೆ ಹಣ ಬೇಡ" ಅನ್ನುವ ಸಾಲು. ಆ ಕೊನೆಯ ಮೂರು ಪದ ಮರೆಯಬೇಡಿ.

ಝೆರಾಕ್ಸಿನ ಖರ್ಚು ನಮ್ಮ ಶಾಲೆಯ ಮಟ್ಟಿಗೆ ನಾವೇ ನೋಡಿಕೊಳ್ಳುತ್ತೇವೆ, ವ್ಯವಸ್ಥಾಪನ ಸಮಿತಿಯವರು ಒಪ್ಪಿದ್ದಾರೆ. ಉಳಿದ ಶಾಲೆಗಳವರೂ ಪಾಲಕರ ಸಭೆಯಲ್ಲಿ ಈ ಮಾತು ಎತ್ತಿ. ಮುಂದಿನ ಸಂಚಿಕೆ ದೀಪಾವಳಿ ಸೂಟಿಯ ಮೊದಲೇ ಕೈಗೆ ಬರಬೇಕು, ಸೂಟಿ ಆದ ಮೇಲೆ ಅರ್ಧ ಊರು ಕಬ್ಬಿಗೆ ಹೋಗಿರುತ್ತದೆ.